ಎರಡನೇ ಕುರ್ಚಿಯ ಮೇಲೆ ಊಟದ ಡಬ್ಬಿ

"ನಿಮ್ಮ ಹೆಸರು? ಹುಟ್ಟಿದ ತಾರೀಕು?"

ಹದಿನೇಳು ಸಿಟ್ಟಿಂಗ್ ಆದರೂ ಅದೇ ಪ್ರಶ್ನೆ. ಕೇಳುವವರೂ ಅವರೇ. ಅವತ್ತು ನಮ್ಮ ಅತ್ತಿಗೆ ಸರೋಜಾ ರೇಗಿಯೇಬಿಟ್ಟರು. "ದಿನಾ ಕೇಳ್ತೀರಲ್ರೀ, ನನ್ ಜಾತಕ ಏನಾದ್ರೂ ಬರೆಸ್ತಿದೀರಾ?"

ಅತ್ತಿಗೆಗೆ ಸ್ತನದ ಕ್ಯಾನ್ಸರ್. ಆಪರೇಷನ್ ಮುಗಿದು ಈಗ ರೇಡಿಯೇಷನ್ (ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು). ಒಂಟಿಕೊಪ್ಪಲಿನಿಂದ ದಿನವೂ ಆಟೋದಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನದು. ಪ್ರಶ್ನೆ ಕೇಳುತ್ತಿದ್ದವರು ಮೆಷಿನ್ ನಡೆಸುವ ಟೆಕ್ನಿಷಿಯನ್ ಮಂಜುನಾಥ್.

ನಾನೋ, ಹುಟ್ಟಾ ಅನುಮಾನದ ಪ್ರಾಣಿ. ಮಾತ್ರೆಯ ಮೇಲಿನ ತಾರೀಕು ನೋಡದೆ ಚೀಲಕ್ಕೆ ಹಾಕಿದವಳಲ್ಲ. ದಿನಾ ನೋಡುವ ಮುಖವೇ ನೆನಪಿರದವರನ್ನು ನಂಬುವುದು ಹೇಗೆ? ಕಣ್ಣು ಬೇರೆ ಕೆಂಪಗೆ. ಮಾತು ತಡವರಿಸುತ್ತಿತ್ತು. ಕುಡಿದು ಬರುತ್ತಾರಾ? ಹತ್ತಿರ ಹೋಗಿ ಮೂಸಿಯೂ ನೋಡಿದೆ. (ನಗಬೇಡಿ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.) ಬರೀ ಸ್ಯಾನಿಟೈಸರ್ ವಾಸನೆ.

ಕಂಟ್ರೋಲ್ ರೂಮಿನಲ್ಲಿ ಎರಡು ಕುರ್ಚಿ. ಒಂದರಲ್ಲಿ ಅವರು, ಇನ್ನೊಂದರ ಮೇಲೆ ಅವರ ಊಟದ ಡಬ್ಬಿ. ಸಂಜೆ ನಾಲ್ಕಾದರೂ ಬಿಚ್ಚಿರುತ್ತಿರಲಿಲ್ಲ. ಗೋಡೆಯ ಮೇಲೆ ಮಾತ್ರ ಚೆಂದದ ಪೋಸ್ಟರ್: 'ಒತ್ತಡವೇ? ದೀರ್ಘವಾಗಿ ಉಸಿರಾಡಿ.'

ಹದಿನೆಂಟನೇ ದಿನ ಮಂಜುನಾಥ್ ಹೆಸರು ಕೇಳಲಿಲ್ಲ. "ಬನ್ನಿ ಅಮ್ಮ" ಅಂದರು, ಅಷ್ಟೇ. ಅತ್ತಿಗೆ ಗೆದ್ದವರಂತೆ ನನ್ನ ಕಡೆ ನೋಡಿ ಒಳಗೆ ಹೋದರು. ನನಗೂ ಸಮಾಧಾನ. ಅಂತೂ ಗುರುತು ಹಿಡಿದರಲ್ಲ!

ಮೆಷಿನ್ ಶುರುವಾದರೆ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಅವತ್ತು ಹತ್ತಲಿಲ್ಲ. ಮಂಜುನಾಥ್ ಓಡಿಬಂದು ಬಾಗಿಲು ತೆಗೆದು ಅತ್ತಿಗೆಯನ್ನು ಟೇಬಲ್ಲಿನಿಂದ ಇಳಿಸಿದರು.

"ಏನಾಯ್ತ್ರೀ?"

"ಸ್ಕ್ರೀನಲ್ಲಿ ಇನ್ನೊಬ್ಬ ಪೇಷೆಂಟ್ ಫೋಟೋ ಇತ್ತು ಮೇಡಂ. ಅವರದ್ದು ಕ್ಲೋಸ್ ಮಾಡೋದು ಮರೆತ್ಬುಟ್ಟಿದ್ದೆ. ಹೆಸರು ಕೇಳಿದ್ರೆ ಅಲ್ಲೇ ಗೊತ್ತಾಗೋದು. ಬಟನ್ ಮೇಲೆ ಬೆರಳಿಟ್ಟಿದ್ದೆ..."

ಯಾರದೋ ಕಾಯಿಲೆಗೆ ಲೆಕ್ಕ ಹಾಕಿದ ಕರೆಂಟ್ ನಮ್ಮ ಅತ್ತಿಗೆಯ ಮೈಮೇಲೆ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು.

"ಇಬ್ರು ಇರ್ಬೇಕು ಮೇಡಂ. ಒಬ್ರು ಓದಿ ಹೇಳ್ಬೇಕು, ಇನ್ನೊಬ್ರು ನೋಡಿ ಸರಿ ಅನ್ಬೇಕು. ಜೊತೆಗಿದ್ದೋರು ಕೆಲ್ಸ ಬಿಟ್ಟು ಮೂರು ತಿಂಗಳಾಯ್ತು. ಕೇಳಿದ್ರೆ, ಜನಾನೇ ಸಿಗ್ತಿಲ್ಲ ಅಂತಾರೆ. ಈಗ ನಾನೇ ಓದಿ ನಾನೇ ಸರಿ ಅಂತೀನಿ. ಮನೇಗ್ ಹೋದ್ರೂ ಅದೇ ಯೋಚ್ನೆ, ಸರಿಯಾಗಿ ಕೊಟ್ನಾ ಇಲ್ವಾ ಅಂತ."

ನನಗೆ ಅವರ ಮೇಲಿದ್ದ ಅನುಮಾನಕ್ಕಿಂತ ಅವರಿಗೆ ತಮ್ಮ ಮೇಲಿದ್ದದ್ದೇ ಹೆಚ್ಚು. ನಾಚಿಕೆಯಾಯಿತು. ಉಳಿದಿದ್ದ ಒಂದೇ ಒಂದು ಪ್ರಶ್ನೆಯನ್ನೂ ಗೇಲಿ ಮಾಡಿ ಬಾಯಿ ಮುಚ್ಚಿಸಿದವರು ನಾವೇ ಅಲ್ಲವೇ?

ಅವರು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅತ್ತಿಗೆಯ ಹೆಸರು ಕೇಳಿ, ಫೋಟೋ ನೋಡಿ, ಟ್ರೀಟ್‌ಮೆಂಟ್ ಮುಗಿಸಿದ ಮೇಲೆ ಕೂತು ತಾವೇ ತಮ್ಮ ತಪ್ಪಿನ ರಿಪೋರ್ಟ್ ಬರೆದರು. "ಇನ್ನೊಬ್ರು ಬೇಕೇ ಬೇಕು ಅಂತಾನೂ ಬರ್ದಿದೀನಿ ಮೇಡಂ" ಅಂದರು.

ಮರುದಿನ ಮಂಜುನಾಥ್ ಇರಲಿಲ್ಲ. ರಿಸೆಪ್ಷನ್ನಿನಲ್ಲಿ ಕೇಳಿದೆ.

"ರಜೆ ಮೇಲಿದಾರೆ ಮೇಡಂ. ರೆಸ್ಟ್ ಬೇಕಿತ್ತಂತೆ."

"ಅವರೇ ಕೇಳಿದ್ರಾ, ನೀವೇ ಕಳಿಸಿದ್ರಾ?"

ಆಕೆ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ನಂಗೊತ್ತಿಲ್ಲ ಮೇಡಂ."

ಮೆಷಿನ್ ಹತ್ತಿರ ಹೊಸ ಟೆಕ್ನಿಷಿಯನ್, ಒಬ್ಬ ಹೆಣ್ಣುಮಗಳು. "ನಿಮ್ಮ ಹೆಸರು? ಹುಟ್ಟಿದ ತಾರೀಕು?" ಅತ್ತಿಗೆ ಪಾಠ ಒಪ್ಪಿಸುವವರಂತೆ ಎರಡನ್ನೂ ಹೇಳಿದರು. ನಾನು ಕಂಟ್ರೋಲ್ ರೂಮಿನೊಳಗೆ ಇಣುಕಿದೆ. ಎರಡನೇ ಕುರ್ಚಿಯ ಮೇಲೆ ಈಗ ಈಕೆಯ ಊಟದ ಡಬ್ಬಿ.

ಮಂಜುನಾಥ್ ಪಕ್ಕ ಕೂರಲು ಮೂರು ತಿಂಗಳಾದರೂ ಸಿಗದ ಜನ, ಅವರ ಜಾಗದಲ್ಲಿ ಕೂರಲು ಬೆಳಗಾಗುವುದರೊಳಗೆ ಎಲ್ಲಿಂದ ಸಿಕ್ಕರು?