ಬಸ್ಸಿನ ಗಾಜಿನ ಮೇಲಿನ ಹುಳ ಎಣಿಸುವಾಕೆ

ಬೆಳಗಿನ ಐದೂಕಾಲು. ಬಸ್ ಡಿಪೋದ ಅಂಗಳದಲ್ಲಿ ಹದಿನೆಂಟು ಬಸ್ಸುಗಳು ತೊಳೆಸಿಕೊಳ್ಳಲು ಸಾಲಾಗಿ ನಿಂತಿವೆ. ಮೊದಲ ಬಸ್ಸಿನ ಮುಂದೆ ಸ್ಟೂಲು ಹಾಕಿಕೊಂಡು, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ. ಕೈಯಲ್ಲಿ ಟಾರ್ಚು, ಕಿವಿಯ ಮೇಲೆ ಪೆನ್ಸಿಲು. ನೀರಿನ ಪೈಪು ಕಾಲ ಬಳಿ ಸುಮ್ಮನೆ ಬಿದ್ದಿದೆ. ಭಾನುವಾರದ ಪೇಪರಿಗೆ ಇವರ ಬಗ್ಗೆ ಬರೆಯಲು ಬಂದ ನಾನು ನಮಸ್ಕಾರ ಎಂದರೆ ತಿರುಗಿಯೂ ನೋಡದೆ, ತಡೀರಿ ಎಂಬಂತೆ ಕೈ ಎತ್ತುತ್ತಾರೆ. ಆಮೇಲೆ ಪುಸ್ತಕ ತೆಗೆದು ಬರೆಯುತ್ತಾರೆ: ನೊಣ, ಸೊಳ್ಳೆ ಹದಿನಾರು. ಪತಂಗ ನಾಲ್ಕು. ದುಂಬಿ ಎರಡು. ಗುರುತು ಸಿಗದ್ದು ಐದು.

ಡಿಪೋದಲ್ಲಿ ಎಲ್ಲರೂ ಇವರನ್ನು ಕರೆಯುವುದು ಹುಳದಕ್ಕ ಎಂದೇ. ಮೊದಲು ಗೇಲಿಗೆ ಇಟ್ಟ ಹೆಸರು. ಈಗ ಗೇಲಿ ಹೋಗಿ ಹೆಸರು ಮಾತ್ರ ಉಳಿದಿದೆ. ವಯಸ್ಸು ನಲವತ್ತಾರು. ಹದಿನಾಲ್ಕು ವರ್ಷಗಳಿಂದ ಕೆಲಸದ ಒಂದು ದಿನವೂ ಬಿಡದೆ, ತೊಳೆಯುವ ಮೊದಲು ಪ್ರತಿ ಬಸ್ಸಿನ ಗಾಜಿಗೆ ಅಂಟಿ ಸತ್ತ ಹುಳಗಳನ್ನು ಎಣಿಸಿದ್ದಾರೆ. ಇಪ್ಪತ್ತೆಂಟು ನೋಟ್‌ಬುಕ್ಕುಗಳು ತುಂಬಿವೆ. ನಮ್ಮಲ್ಲಿ ಎಷ್ಟೋ ಜನ ಒಂದು ಡೈರಿಯನ್ನು ಜನವರಿ ದಾಟಿಸಲು ಒದ್ದಾಡುತ್ತೇವೆ.

ಹುಚ್ಚು ಚಿಕ್ಕಂದಿನದು. ಸೋಪಿನ ಡಬ್ಬಿಯಲ್ಲಿ ದುಂಬಿ ಸಾಕಿದ್ದಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದವರು. ಕೆಲಸ ಸಿಕ್ಕಮೇಲೆ ಅಂಚೆ ಶಿಕ್ಷಣದಲ್ಲಿ ಪದವಿ ಮುಗಿಸಿದರು. ಬಸ್ಸಿನಲ್ಲಿ ಬ್ಯಾಗು ಮರೆತು ಡಿಪೋಗೆ ಓಡಿಬಂದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಒಬ್ಬರು ಇವರ ಎಣಿಕೆ ಕಂಡು, ಬ್ಯಾಗಿನ ವಿಷಯ ಮರೆತು ನೋಟ್‌ಬುಕ್ಕು ಓದುತ್ತ ಕೂತರಂತೆ. ಇದು ಹವ್ಯಾಸವಲ್ಲ, ಸಂಶೋಧನೆ ಅಂದವರು ಅವರೇ. ಇವತ್ತು ಹನ್ನೊಂದು ಗಂಟೆಗೆ ಹುಳದಕ್ಕನನ್ನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಪ್ರಾಧ್ಯಾಪಕರ ಸಮಿತಿ ಕೂರುತ್ತದೆ.

ಖುಷಿಯಾಗಿರಬೇಕಿತ್ತು. ಮುಖ ನೋಡಿದರೆ ಮೂರು ದಿನದಿಂದ ಅನ್ನ ಇಳಿದಿಲ್ಲ ಅನ್ನಿಸುತ್ತದೆ.

ಕಾರಣವನ್ನು ಎಂಟನೇ ಬಸ್ಸಿನ ಹತ್ತಿರ ಹೇಳುತ್ತಾರೆ. ಮೊದಲ ವರ್ಷ ಒಂದು ಬಸ್ಸಿಗೆ ಸರಾಸರಿ ನಲವತ್ತೆಂಟು ಹುಳ. ಇಳಿಯುತ್ತ ಇಳಿಯುತ್ತ ಹನ್ನೊಂದನೇ ವರ್ಷಕ್ಕೆ ಮೂವತ್ತೊಂದು. ಮುಂದಿನ ಎರಡು ವರ್ಷ ಇಪ್ಪತ್ತೆರಡು, ಇಪ್ಪತ್ತೊಂದು. ಹುಳ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಅರ್ಜಿಯಲ್ಲಿ ಬರೆದಾಗ ಮೇಡಂ ಕಣ್ಣರಳಿಸಿದ್ದರು. ಆದರೆ ಹೋದ ವರ್ಷ ಲೆಕ್ಕ ಇಪ್ಪತ್ತೊಂಬತ್ತಕ್ಕೆ ಹಾರಿತು. ಹುಳ ವಾಪಸ್ ಬಂದವು ಎಂದು ಹುಳದಕ್ಕ ಕುಣಿದಾಡುವುದೊಂದು ಬಾಕಿ. ಯಾಕೆ ಬಂದವು, ಕಾರಣ ಹುಡುಕಿ ತನ್ನಿ ಅಂದರು ಮೇಡಂ. ತಲೆಗೆ ಹುಳ ಬಿಟ್ಟಂತಾಯಿತು. ಹುಡುಕುತ್ತ ಹೋದರೆ, ಹೆಚ್ಚಾದದ್ದು ಗೋಡೆ ಕಡೆಯ ಕೊನೆಯ ಐದು ಬಸ್ಸುಗಳಲ್ಲಿ ಮಾತ್ರ. ಅದಕ್ಕೆ ಹಿಂದಿನ ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಅವುಗಳ ಎದುರು ಬರೀ ಸೊನ್ನೆ, ಒಂದು, ಎರಡು.

ಆ ಎರಡು ವರ್ಷ ಜೊತೆಗೆ ಬಸ್ಸು ತೊಳೆಯುತ್ತಿದ್ದವರು ಹೋದ ವರ್ಷದ ಆರಂಭದಲ್ಲೇ ನಿವೃತ್ತರಾದ ಹಿರಿಯರು. ಹುಳದಕ್ಕ ಅವರನ್ನು ದೊಡ್ಡಪ್ಪ ಅನ್ನುತ್ತಾರೆ, ನೆಂಟಸ್ತನವೇನಿಲ್ಲ. ಹೋದ ವಾರ ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತ ಸುಮ್ಮನೆ ಕೇಳಿದ್ದಾರೆ. ಅವರು ಸಂಕೋಚದಿಂದ ನಕ್ಕು ಹೇಳಿದರಂತೆ: "ಒಣಗಿದ ಹುಳ ಉಜ್ಜಿ ಉಜ್ಜಿ ನಿನ್ನ ಭುಜ ಬಿದ್ದುಹೋಗಿತ್ತಲ್ಲಮ್ಮ. ನೀನು ಈ ಕಡೆಯಿಂದ ಎಣಿಸ್ಕೊಂಡು ಬರೋದ್ರೊಳಗೆ ಆ ಕಡೆ ಐದಕ್ಕೆ ನೀರು ಹೊಡೆದು ನೆನೆಸಿಡ್ತಿದ್ದೆ. ಉದುರಿದಷ್ಟು ಉದುರಲಿ ಅಂತ."

ತೊಳೆಯುವವರಿಗೆಲ್ಲ ಗೊತ್ತಿರುವ ಉಪಾಯ ಅದು. ನೆನೆಸಿದರೆ ಉಜ್ಜುವುದು ಅರ್ಧ ಉಳಿಯುತ್ತದೆ.

"ಗಾಜು ಒದ್ದೆ ಇರೋದು ಕಾಣಿಸ್ತಿತ್ತು ಸಾರ್," ಅನ್ನುತ್ತಾರೆ ಹುಳದಕ್ಕ. "ಗೋಡೆ ನೆರಳು, ಇಬ್ಬನಿ ಇರಬೇಕು ಅಂದ್ಕೊಂಡೆ. ಹುಳ ಕಡಿಮೆ ಆಗ್ತಿವೆ ಅಂತ ಮನಸ್ಸಲ್ಲಿ ಕೂತುಬಿಟ್ಟಿತ್ತಲ್ಲ. ಸೊನ್ನೆ ಕಂಡ್ರೆ, ನೋಡು ನಾನು ಹೇಳಿರಲಿಲ್ವಾ ಅನ್ನಿಸ್ತಿತ್ತು."

ಇದು ಇನ್ನೂ ಮೇಡಂಗೂ ಗೊತ್ತಿಲ್ಲ. ಬ್ಯಾಗುಗಳ ಜಿಪ್ಪು ರಿಪೇರಿ ಮಾಡುವ ಗಂಡ, ತುಟಿ ಪಿಟಕ್ ಅನ್ನಬೇಡ ಅಂದಿದ್ದಾರೆ. ಯಾರೋ ನೀರು ಹೊಡೆದದ್ದು ಯಾವ ಪ್ರೊಫೆಸರಿಗೆ ಗೊತ್ತಾಗುತ್ತೆ, ಹದಿನಾಲ್ಕು ವರ್ಷ ಕೆಲಸ ಮಾಡಿ ಬಾಗಿಲ ಹತ್ತಿರ ಎಡವಬೇಕಾ ಎಂಬುದು ಅವರ ವಾದ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹೆಂಡತಿಯ ಓದಿಗಾಗಿ ಆರು ವರ್ಷ ಸಂಜೆ ಅಡುಗೆ ಮಾಡಿದವರು. ಹುಳದಕ್ಕ ಹೇಳುತ್ತೇನೆ ಅನ್ನುತ್ತಾರೆ, ಎರಡು ಬಸ್ಸು ಕಳೆದ ಮೇಲೆ ಹೇಳದಿದ್ದರೆ ಏನಾಗುತ್ತೆ ಸಾರ್ ಎಂದು ನನ್ನನ್ನೇ ಕೇಳುತ್ತಾರೆ. ಹನ್ನೆರಡನೇ ಬಸ್ಸಿನ ಎಣಿಕೆ ತಪ್ಪಿ, ಮತ್ತೆ ಮೊದಲಿಂದ ಎಣಿಸುತ್ತಾರೆ.

ಏಳೂವರೆಗೆ ಹದಿನೆಂಟೂ ಬಸ್ಸುಗಳು ತೊಳೆದು ಸಿದ್ಧ. ಹನ್ನೊಂದಕ್ಕೆ ನಾವು ಕಾಲೇಜಿನಲ್ಲಿದ್ದೇವೆ. ಮೇಡಂ ಅನುಮತಿ ಕೇಳಿ ನನಗೂ ಮೂಲೆಯಲ್ಲೊಂದು ಕುರ್ಚಿ ಕೊಡಿಸಿದ್ದಾರೆ. ಉದ್ದನೆಯ ಮೇಜಿನ ಆ ಕಡೆ ಐದು ಜನ. ಹುಳದಕ್ಕ ನೋಟ್‌ಬುಕ್ಕುಗಳ ಕಟ್ಟನ್ನು ಬಿಚ್ಚದೆ ಮೇಜಿನ ಮೇಲಿಡುತ್ತಾರೆ. ಅಧ್ಯಕ್ಷರು ಶುರು ಮಾಡಿ ಅಂದದ್ದೇ ತಡ, ಒಂದೇ ಉಸಿರಿಗೆ ಹೇಳಿಬಿಡುತ್ತಾರೆ: "ಇದರಲ್ಲಿ ಎರಡು ವರ್ಷದ್ದು ತಪ್ಪಿದೆ. ಎಣಿಸೋ ಮೊದಲೇ ಐದು ಬಸ್ಸಿಗೆ ನೀರು ಬಿದ್ದಿತ್ತು. ಹುಳ ಅರ್ಧಕ್ಕಿಂತ ಕಡಿಮೆ ಆಗಿದೆ ಅಂತ ಬರೆದಿದ್ದೀನಿ, ಅದು ನಿಜ ಅಲ್ಲ."

ಮೇಡಂ ಮುಖ ಬಿಳಿಚಿಕೊಂಡಿತು. ನಮ್ಮನ್ನು ಹೊರಗೆ ಕೂರಲು ಹೇಳಿದರು.

ಹೊರಗಿನ ಬೆಂಚಿನ ಮೇಲೆ ನಲವತ್ತು ನಿಮಿಷ. ಹುಳದಕ್ಕ ಹೆಬ್ಬೆರಳಿನ ಉಗುರು ಕಚ್ಚಿ ರಕ್ತ ಬರಿಸಿಕೊಂಡಿದ್ದಾರೆ. ನಾನು ಐದೈದು ನಿಮಿಷಕ್ಕೆ ಎದ್ದು ಮುಚ್ಚಿದ ಬಾಗಿಲಿನವರೆಗೆ ಹೋಗಿ ಬರುತ್ತೇನೆ. ಪತ್ರಕರ್ತನ ತಟಸ್ಥತೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಕೊನೆಗೆ ಮೇಡಂ ಹೊರಬಂದರು. ಆ ಎರಡು ವರ್ಷ ಹೊಡೆದುಹಾಕಿ, ಉಳಿದ ಹನ್ನೆರಡರ ಲೆಕ್ಕ ಹೊಸದಾಗಿ ಮಾಡಿ ಒಂದು ತಿಂಗಳಲ್ಲಿ ತರಬೇಕಂತೆ. ಆಗ ಯೋಚಿಸುತ್ತಾರಂತೆ. ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ನಲವತ್ತೆಂಟರಿಂದ ಇಪ್ಪತ್ತೊಂಬತ್ತು ಅಂದರೂ ಐದರಲ್ಲಿ ಎರಡು ಪಾಲು ಹುಳ ಹೋಗಿವೆ, ಅದೇನು ಸಣ್ಣ ಮಾತಲ್ಲ ಎಂದು ಮೇಡಂ ಭುಜ ತಟ್ಟಿದರು. ಮುಂಚೆಯೇ ನನಗೆ ಹೇಳಬಾರದಿತ್ತೇ ಎಂದು ಗದರಿದರು ಕೂಡ.

ಮೆಟ್ಟಿಲಿಳಿಯುವಾಗ, ಮುಂದೇನು ಎಂದು ಕೇಳುತ್ತೇನೆ. ನಾಳೆ ಐದಕ್ಕೆ ಡ್ಯೂಟಿ ಅನ್ನುತ್ತಾರೆ. ನಾಲ್ಕು ಮೆಟ್ಟಿಲು ಇಳಿದು ನಿಂತುಬಿಡುತ್ತಾರೆ. ಆ ನೀರಿನಿಂದ ಲೆಕ್ಕ ತಪ್ಪಿತು ಎಂದು ತಿಳಿದಾಗಿನಿಂದ ದೊಡ್ಡಪ್ಪ ಮಾತು ಬಿಟ್ಟಿದ್ದಾರೆ, ನಿನ್ನೆ ಬಾಗಿಲು ತಟ್ಟಿದರೆ ತೆಗೆಯಲಿಲ್ಲ, ನನ್ನಿಂದ ಹುಡುಗಿಯ ಓದು ಹಾಳಾಯ್ತು ಅಂತ ಮನೆಯಲ್ಲಿ ಅಳುತ್ತಿದ್ದರಂತೆ ಎಂದು ಹೇಳುತ್ತಾರೆ. ಬೆಳಗಿನಿಂದ ತಡೆದಿದ್ದ ಕಣ್ಣೀರು ಈಗ ಇಳಿಯುತ್ತದೆ. ಒರೆಸಿಕೊಳ್ಳುವುದಿಲ್ಲ.

"ಅವರು ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾರೆ ಸಾರ್. ನೀರು ಹೊಡೆದದ್ದು ತಪ್ಪಲ್ಲ, ಗಾಜು ಯಾಕೆ ಒದ್ದೆ ಅಂತ ಕೇಳದೆ ನಾನು ಸೊನ್ನೆ ಬರೆದದ್ದು ತಪ್ಪು. ಹಾಗೇ ಬರೀರಿ. ಆ ಎರಡು ವರ್ಷ ನನ್ನ ಭುಜ ನೋಯಲಿಲ್ಲ, ಅದನ್ನೂ ಬರೀರಿ."