ಮಡಿಚಿದಲ್ಲೇ ಸೀಳಿದ ಕೌದಿ

ಜಿರಳೆ ಔಷಧಿ ಹೊಡೆಯಲು ಮಹದೇವಪುರದ ಒಂದು ಫ್ಲಾಟಿಗೆ ಹೋಗಿದ್ದೆ. ಬೀರು ಖಾಲಿ ಮಾಡುವಾಗ ಮನೆಯಾಕೆ ಪ್ಲಾಸ್ಟಿಕ್ ಸುತ್ತಿದ್ದ ಕೌದಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ನಮ್ಮವ್ವ ಹೊಲಿದದ್ದರೀ. ಆಕಿ ಹೋದಮ್ಯಾಲೆ ಬಿಚ್ಚೇ ಇಲ್ಲ."

"ಪ್ಲಾಸ್ಟಿಕ್ಕಲ್ಲಿ ಬೂಷ್ಟು ಹಿಡಿಯುತ್ತೆ ಅಕ್ಕ, ಬಿಚ್ಚಿ ನೋಡಿ" ಅಂದೆ. ಹೇಳಬಾರದಿತ್ತೇನೋ. ಬಿಚ್ಚಿದರೆ ಬೂಷ್ಟಷ್ಟೇ ಅಲ್ಲ, ಮಡಿಚಿದ ಗೆರೆಯುದ್ದಕ್ಕೂ ಬಟ್ಟೆ ಸೀಳಿತ್ತು. ಅವರು ನೆಲದ ಮೇಲೇ ಕೂತುಬಿಟ್ಟರು.

"ಜ್ವಾಕಿ ಮಾಡಿದ್ದ ತಪ್ಪಾತೇನ್ರೀ?"

"ನಮ್ಮಮ್ಮ ಆಗಾಗ ಗಾಳಿಗೆ ಹರವಿ, ಮಡಿಚೋ ಗೆರೆ ಬದಲಾಯಿಸಿ, ಹಳೇ ಸೀರೇಲಿ ಸುತ್ತಿಡ್ತಾರೆ. ಇದನ್ನ ಇನ್ನೂ ಹೊಲೀಬಹುದು ಅಕ್ಕ" ಅಂದೆ.

ಇಬ್ಬರೂ ಸೇರಿ ಅದನ್ನು ಬಾಲ್ಕನಿಯಲ್ಲಿ ಹರವಿದೆವು. ನಾನು ಅಡುಗೆಮನೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರು ಸೂಜಿದಾರ ಹಿಡಿದು ಕೂತಿದ್ದರು. ಮೊದಲ ಹೊಲಿಗೆಯೇ ಸೊಟ್ಟಗೆ ಬಿದ್ದಿತ್ತು.

"ನಮ್ಮವ್ವ ಇದ್ದಿದ್ರ ಈ ಹೊಲಿಗಿ ಬಿಚ್ಚಿಸ್ತಿದ್ಲು ನೋಡ್ರಿ" ಎಂದು ಕಣ್ಣೊರೆಸಿಕೊಂಡು ನಕ್ಕರು.