ಪಿತ್ತದ ಮೇಜಿನ ಸಂಗನಬಸಪ್ಪ

ಗದಗದ ಕಡೆಯ ಸಂಗನಬಸಪ್ಪ ಊರಿನಲ್ಲಿ ದನದ ಡಾಕ್ಟರು. ಶಿಕಾಗೋದಲ್ಲಿ ಆ ಡಿಗ್ರಿ ನಡೆಯಲಿಲ್ಲ. ೧೯೬೯ರಲ್ಲಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡೇ, ಕಸಾಯಿಖಾನೆ ಸೇರಿದ. ಹೆಂಡತಿ ಕಮಲವ್ವನಿಗೆ ಮಾತ್ರ ದನದ ದವಾಖಾನೆ ಎಂದಿದ್ದ. ಹೊಟ್ಟೆಪಾಡು, ಯಾರೂ ಮೂಗು ಮುರಿಯಬೇಕಾಗಿಲ್ಲ. ನಾವು ಅವರ ಕೆಳಗಿನ ಮನೆಯವರು; ಮೂಗು ಮುರಿದ ನನ್ನ ಯಜಮಾನರಿಗೂ ಇದನ್ನೇ ಹೇಳಿದ್ದೇನೆ.

ಅವನ ಕೆಲಸ ಪಿತ್ತದ ಮೇಜಿನಲ್ಲಿ. ಇನ್ನೂ ಬಿಸಿಯಿರುವ ದನದ ಪಿತ್ತಕೋಶ ಸೀಳಿ, ಹಸಿರು ರಸ ಬಸಿದು, ಒಳಗೆ ಕಲ್ಲಿದೆಯೇ ಎಂದು ಬೆರಳಿನಿಂದ ತಡಕುವುದು. ಆ ಹಳದಿ ಕಲ್ಲೇ ಗೋರೋಚನ. ಚೀನೀ ವೈದ್ಯರಿಗೆ ಅದು ಬಂಗಾರಕ್ಕಿಂತ ಮೇಲು. ಸಿಕ್ಕಿದ್ದೆಲ್ಲ ಬೀಗದ ಪೆಟ್ಟಿಗೆಗೆ ಹೋಗುತ್ತಿತ್ತು; ಮನೆಗೆ ಹೊರಡುವಾಗ ಫೋರ್‌ಮನ್ ಕೆಲಸಗಾರರ ಬಾಯಿ ತೆರೆಸಿ ನೋಡುತ್ತಿದ್ದ.

ಕಮಲವ್ವನ ಎಳೆಗೂಸಿಗೆ ಫಿಟ್ಸ್ ಬರತೊಡಗಿತು. ಮೊದಲ ಕೂಸು ಆಸ್ಪತ್ರೆಯಲ್ಲೇ ಸತ್ತಿತ್ತು.

"ಇದನ್ನ ಅಲ್ಲಿಗೆ ಒಯ್ಯಾಕ ಬಿಡಂಗಿಲ್ಲ. ಗೋರೋಚನ ತಗೊಂಡ ಬರ್ರಿ, ಹಾಲಿನಾಗ ತೇಯ್ದು ನೆಕ್ಕಸ್ತೀನಿ," ಎಂದು ಹಟ ಹಿಡಿದಳು.

ಅದರಿಂದ ಫಿಟ್ಸ್ ನಿಲ್ಲದೆಂದು ಅವನಿಗೆ ಗೊತ್ತು. ಆದರೂ ಒಮ್ಮೆ ನೆಕ್ಕಿಸಿದರೆ ಮನಸ್ಸು ಮೆತ್ತಗಾಗಿ ಆಸ್ಪತ್ರೆಗೆ ಬಂದಾಳೆಂದು ಒಂದು ಕಲ್ಲನ್ನು ದವಡೆಯಲ್ಲಿ ಒತ್ತಿಕೊಂಡ.

ಫೋರ್‌ಮನ್ ಬಾಯಿ ತೆರೆ ಎಂದ. ಇವನು ತೆರೆಯಲಿಲ್ಲ. ಚಾಕು ಮಸೆಯುವ ಉಕ್ಕಿನ ಸಲಾಕೆ ಮುಖಕ್ಕೆ ಬಡಿಯಿತು, ಮತ್ತೆ ಬಡಿಯಿತು. ಮುಂದಿನ ಹಲ್ಲುಗಳು ಮುರಿದವು. ಇವನು ಅವನನ್ನು ರಕ್ತದ ನೆಲಕ್ಕೆ ಕೆಡವಿ ಓಡಿಬಂದ.

ಕಮಲವ್ವ ಅವನ ರಕ್ತದ ಬಾಯಿಯ ಕಡೆ ನೋಡದೆ ಕಲ್ಲನ್ನು ಕಣ್ಣಿಗೊತ್ತಿಕೊಂಡಳು. ಗೋರೋಚನ ಆಕಳ ಹಣೆಯಿಂದ ತಾನಾಗಿ ಉದುರುತ್ತದೆಂದು ಅವಳ ನಂಬಿಕೆ. ನಮ್ಮಲ್ಲಿ ಬಹಳ ಮಂದಿಯದೂ ಹಾಗೆಯೇ.

"ಯಾವ ಪುಣ್ಯಾತ್ಮ ಆಕಳು ಕೊಟ್ಟೈತ್ರೀ?"

"ಆಕಳು ಯಾಕ ಕೊಡತೈತಿ? ಕಡಿದು ಹೊಟ್ಟ್ಯಾಗಿಂದ ತಗದದ್ದು," ಎಂದುಬಿಟ್ಟ, ಪೆದ್ದ.

"ಕೊಂದದ್ದನ್ನ ಕೂಸಿನ ಬಾಯಾಗ ಹಾಕ್ಲೇನು?" ಎಂದು ಕಿರುಚಿ, ತೇಯಲು ಇಟ್ಟಿದ್ದ ಸಾಣೆಕಲ್ಲನ್ನೇ ಅವನ ತಲೆಗೆ ಬೀಸಿದಳು.

ಸದ್ದು ಕೇಳಿ ನಾನು ಮೇಲೆ ಓಡಿದೆ. ಅವನ ಹಣೆ ಒಡೆದಿತ್ತು. ಅಷ್ಟರಲ್ಲಿ ಕೂಸು ಸೆಟೆದು ನೀಲಿಗಟ್ಟಿತು. ಅವಳು ಎದೆಗೆ ಅವಚಿಕೊಂಡಳು. ಅವನು ಬೇಡಿದ, ಬೈದ, ಕೊನೆಗೆ ಅವಳನ್ನು ಗೋಡೆಗೆ ಒತ್ತಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕಿರುಬೆರಳು ಲಟ್ಟೆಂದು ಮುರಿಯಿತು. ನನಗೆ ಹೇಸಿಗೆಯಾಯಿತು, ಆದರೂ ತಡೆಯಲಿಲ್ಲ. ಆಸ್ಪತ್ರೆಗೆ ಕಾರು ನಾನೇ ಓಡಿಸಿದೆ.

ಕೂಸು ಬದುಕಿತು. ಆಮೇಲೆ ಕಮಲವ್ವ ಪಟ್ಟಿ ಕಟ್ಟಿದ ಕೈಯಿಂದಲೇ ಅದಕ್ಕೆ ಆಸ್ಪತ್ರೆಯ ಔಷಧ ಕುಡಿಸುತ್ತಿದ್ದಳು. ಗಂಡ ಹತ್ತಿರ ಬಂದರೆ ಮಾತ್ರ ಕೂಸನ್ನೆತ್ತಿಕೊಂಡು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.